ನಿದ್ರೆಯ ಮದ್ದೂ ಸ್ನಾಯು ಸಡಿಲಿಸುವ ಮದ್ದೂ

ಬಾದನಹಟ್ಟಿ, ಕುರುಗೋಡು, ಸಿರುಗುಪ್ಪಗಳಿಂದ ಶಸ್ತ್ರಚಿಕಿತ್ಸೆಗೆಂದು ಬಳ್ಳಾರಿಗೆ ಬರುವ ರೋಗಿಯನ್ನು ಅರಿವಳಿಕೆಯ ವೈದ್ಯರು ಮೊದಲೇ ಕಂಡು, ಯಾವ ಯಾವ ಮಾತ್ರೆ ನುಂಗುತ್ತಿದ್ದೀರೆಂದು ಕೇಳುವುದುಂಟು. ರಕ್ತದೊತ್ತಡದ ಮಾತ್ರೆಯನ್ನು ಮನೆಯವರು ಹೇಳುತ್ತಾರೆ; ನಿದ್ರೆಯ ಮಾತ್ರೆಯ ಸಂಗತಿ ಮಾತ್ರ ಸಂಕೋಚದಿಂದ ಒಳಗೇ ಉಳಿಯುತ್ತದೆ. ಅದನ್ನು ಹೇಳಬೇಕಾದುದೇಕೆಂಬುದನ್ನು ವಿಚಾರಿಸೋಣ.

ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ನಿದ್ರೆಯೂ ಬೇಕು, ನೋವಿನ ಶಮನವೂ ಬೇಕು, ಸ್ನಾಯುಗಳು ಸಡಿಲವಾಗಲೂ ಬೇಕು. ನಿದ್ರೆಯ ಮದ್ದು ಕೆಲಸ ಮಾಡುವುದು ಮಿದುಳಿನಲ್ಲಿ. ಸಡಿಲಿಸುವ ಮದ್ದಾದರೋ ನರವು ಸ್ನಾಯುವನ್ನು ಕೂಡುವೆಡೆಯಲ್ಲಿ ನಿಂತು, ನರದ ಅಪ್ಪಣೆ ಸ್ನಾಯುವಿಗೆ ಮುಟ್ಟದಂತೆ ತಡೆಯುತ್ತದೆ. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಸವರುತ್ತಿದ್ದ ಕುರಾರೆ ವಿಷವೇ ಇಂಥ ಮದ್ದುಗಳಿಗೆ ದಾರಿ ತೋರಿಸಿತು. 1942ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಡಾ. ಹೆರಾಲ್ಡ್ ಗ್ರಿಫಿತ್ ಅದನ್ನು ಅರಿವಳಿಕೆಯೊಡನೆ ಬಳಸಿದರು. ಕುರಾರೆಯಿಂದ ನಿದ್ರೆಯೂ ಬರುವುದೇ ಎಂಬ ಸಂಶಯವನ್ನು ಅಮೆರಿಕದ ಡಾ. ಸ್ಕಾಟ್ ಸ್ಮಿತ್ ತಮ್ಮ ಮೈಮೇಲೆಯೇ ಪರೀಕ್ಷಿಸಿ ತೀರಿಸಿದರು. 1947ರಲ್ಲಿ ಪ್ರಕಟವಾದ ವರದಿಯಂತೆ, ಕೈಕಾಲು ಅಲ್ಲಾಡಿಸಲಾಗದೆ ಮಲಗಿದ್ದಾಗಲೂ ಅವರಿಗೆ ಪೂರ್ಣ ಎಚ್ಚರವಿತ್ತು.

ಹೀಗೆ ಎರಡರ ನೆಲೆ ಬೇರೆ. ಆದರೆ ಉಸಿರಾಟದಲ್ಲಿ ಎರಡೂ ಕೂಡುತ್ತವೆ. ಡಯಾಜೆಪಾಮ್‌ನಂಥ ಮಾತ್ರೆ ಉಸಿರಾಡಬೇಕೆಂಬ ಮಿದುಳಿನ ಪ್ರೇರಣೆಯನ್ನು ಕುಗ್ಗಿಸಬಲ್ಲದು. ಸಡಿಲಿಸುವ ಮದ್ದಿನ ಶೇಷ ಎದೆ, ಗಂಟಲುಗಳ ಸ್ನಾಯುಗಳನ್ನು ಬಲಗುಂದಿಸುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಯಂತ್ರವೇ ಉಸಿರಾಡಿಸುವುದರಿಂದ ಭಯವಿಲ್ಲ. ಯಂತ್ರ ಬಿಡಿಸಿದ ಮೇಲಿನ ಮೊದಲ ಗಂಟೆಗಳೇ ಎಚ್ಚರಿಕೆಯ ಕಾಲ. ನಿಯೋಸ್ಟಿಗ್ಮಿನ್ ಅಥವಾ ಸುಗಮಾಡೆಕ್ಸ್ ಕೊಟ್ಟು ಸ್ನಾಯುಗಳ ಬಲವನ್ನು ಮರಳಿಸಬಹುದು. ಆದರೆ ಅವು ಮಂಪರನ್ನು ಕಳೆಯಲಾರವು. ಆದುದರಿಂದಲೇ ರೋಗಿಯ ಬೆರಳಿಗೆ ಆಮ್ಲಜನಕ ಅಳೆಯುವ ಉಪಕರಣವನ್ನು ಸಿಕ್ಕಿಸಿ ಕಾಯುತ್ತಾರೆ.

ದಿನವೂ ನಿದ್ರೆಯ ಮಾತ್ರೆ ನುಂಗುವವರಿಗೆ ಅರಿವಳಿಕೆಯ ಪ್ರಮಾಣ ಬದಲಾಗಬಹುದು. ಬಹುಕಾಲದಿಂದ ಮೂರ್ಛೆರೋಗಕ್ಕೆ ಫೆನಿಟಾಯಿನ್ ಸೇವಿಸುವವರಲ್ಲಿ ಸಡಿಲಿಸುವ ಕೆಲವು ಮದ್ದುಗಳು ಬೇಗನೆ ಇಳಿದುಹೋಗುತ್ತವೆ. ಹಾಗೆಂದು ಹೆದರಿ ಮಾತ್ರೆಯನ್ನು ತಾವಾಗಿ ನಿಲ್ಲಿಸಲೂ ಬಾರದು. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ.

ಆಸ್ಪತ್ರೆಗೆ ಹೊರಡುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಕೊಂಡೊಯ್ಯಿರಿ. ಮದ್ಯಪಾನದ ಅಭ್ಯಾಸವಿದ್ದರೆ ಅದನ್ನೂ ಮರೆಮಾಡದೆ ಹೇಳಿರಿ. ವೈದ್ಯರ ಪ್ರಶ್ನೆ ನಿಮ್ಮ ನಡತೆಯ ವಿಚಾರಣೆಯಲ್ಲ. ನಿಮ್ಮ ಉಸಿರಿನ ರಕ್ಷಣೆಗೆ ಮಾಡುವ ಲೆಕ್ಕ.