ದೊಡ್ಡ ಕಾರಿಗೆ ಬೆಲೆ ಕಟ್ಟುವುದು ಹೇಗೆ?

ಸಿಂದಗಿ ತಾಲ್ಲೂಕಿನ ಯಂಕಂಚಿಯಲ್ಲಿ ಒಂದು ಮನೆಯಿದೆ ಎಂದುಕೊಳ್ಳಿ. ಈ ಸಲ ತೊಗರಿ ಚೆನ್ನಾಗಿ ಬಂದಿದೆ. ಸಾಲ ತೀರಿಸಿ, ಬೀಜ ಗೊಬ್ಬರಕ್ಕೆ ತೆಗೆದಿಟ್ಟು, ಮೂರು ಲಕ್ಷ ರೂಪಾಯಿ ಉಳಿದಿದೆ. ಮನೆಯಲ್ಲಿ ವಯಸ್ಸಾದ ತಾಯಿ. ತಿಂಗಳಿಗೊಮ್ಮೆಯಾದರೂ ಅವರನ್ನು ವಿಜಯಪುರದ ಆಸ್ಪತ್ರೆಗೆ ಕರೆದೊಯ್ಯಬೇಕು. ಸಿಂದಗಿಯಿಂದಲೇ ಅದು ಸುಮಾರು 60 ಕಿಲೋಮೀಟರು. ಕಾರೊಂದು ಬೇಕು. ಕೈಯಲ್ಲಿರುವ ಹಣಕ್ಕೆ ಎರಡು ಹಳೆಯ ಕಾರುಗಳು ಸಿಕ್ಕುತ್ತವೆ. ಒಂದು, ಎಲ್ಲೆಲ್ಲೂ ಕಾಣುವ ಸಣ್ಣ ಕಾರು. ಇನ್ನೊಂದು, ಅಮೆರಿಕದ ಹೆಸರು ಹೊತ್ತ ಷೆವರ್ಲೆ ಕ್ರೂಜ್. 2009ರಲ್ಲಿ ಇದು ನಮ್ಮ ಪೇಟೆಗೆ ಬಂದಾಗ ಇದರ ಬೆಲೆ ಸುಮಾರು 11 ಲಕ್ಷದಿಂದ ಮೇಲಕ್ಕಿತ್ತು. "ಹನ್ನೊಂದು ಲಕ್ಷದ ಕಾರು ಮೂರಕ್ಕೆ!" ಎಂದು ಮನಸ್ಸು ಹಿಗ್ಗುತ್ತದೆ. ಆದರೆ ಹಿಗ್ಗುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಡುವಣ ಎಂಟು ಲಕ್ಷ ಎಲ್ಲಿ ಹೋಯಿತು?

ಮೊದಲು ಕಾರಿನ ಅಳತೆಯನ್ನು ನೋಡೋಣ. ಅಮೆರಿಕದ ಸರಕಾರ ಕಾರುಗಳನ್ನು ಉದ್ದದಿಂದ ವಿಂಗಡಿಸುವುದಿಲ್ಲ. ಒಳಗೆ ಜನ ಕೂರುವ ಜಾಗ ಮತ್ತು ಸಾಮಾನಿನ ಜಾಗ ಎರಡನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ. ಈ ಮೊತ್ತ 110ರಿಂದ 120 ಘನ ಅಡಿಯೊಳಗಿದ್ದರೆ ಅದು ಮಧ್ಯಮ ಗಾತ್ರ. ಕ್ರೂಜ್ ಈ ಗಡಿಯ ಹತ್ತಿರವೇ ನಿಲ್ಲುತ್ತದೆ. ನಮ್ಮಲ್ಲಿಯಾದರೋ ನಾಲ್ಕು ಮೀಟರಿನೊಳಗಿನ ಕಾರಿಗೆ ತೆರಿಗೆಯ ರಿಯಾಯಿತಿ ಇರುವುದರಿಂದ, ನಾಲ್ಕೂವರೆ ಮೀಟರಿಗೂ ಉದ್ದವಾದ ಈ ಕಾರು ದೊಡ್ಡದೆಂದೇ ಎನಿಸಿಕೊಳ್ಳುತ್ತದೆ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರುವ ತಾಯಿಗೆ ಇದು ಸುಖ. ಊರ ಓಣಿಯಲ್ಲಿ ತಿರುಗಿಸುವ ಮಗನಿಗೆ ಕಷ್ಟ.

ಇನ್ನು ಶಕ್ತಿಯ ಮಾತು. ಮಾರುವವನು "150 ಅಶ್ವಶಕ್ತಿ" ಎನ್ನುತ್ತಾನೆ. ಆ ಡೀಸೆಲ್ ಎಂಜಿನ್ನಿನ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಶಕ್ತಿಯಲ್ಲಿ ಎರಡು ಬಗೆ ಉಂಟು. ಎರೆಮಣ್ಣಿನಲ್ಲಿ ಹೂತ ಚಕ್ಕಡಿಯನ್ನು ಎತ್ತುಗಳು ಮೊದಲ ಹೆಜ್ಜೆಗೆ ಕಿತ್ತೆಳೆಯುವ ಬಲ ಒಂದು. ಎಂಜಿನ್ನಿನಲ್ಲಿ ಅದು ತಿರುಗುಬಲ. ದಾರಿಗೆ ಬಿದ್ದ ಮೇಲೆ ಅದೇ ಭಾರವನ್ನು ಎಷ್ಟು ಬೇಗ ಎಳೆದುಕೊಂಡು ಹೋದಾವು ಎಂಬುದು ಇನ್ನೊಂದು, ಅದು ಅಶ್ವಶಕ್ತಿ. ಈ ಕಾರಿನಲ್ಲಿ ಎರಡೂ ಧಾರಾಳವಾಗಿವೆ. ಆದರೆ ಎಂಜಿನ್ನಿನ ಹೊಗೆಯ ರಭಸದಿಂದಲೇ ತಿರುಗಿ ಒಳಕ್ಕೆ ಗಾಳಿ ತುಂಬುವ ಪುಟ್ಟ ಯಂತ್ರವೊಂದು ಇದರಲ್ಲಿದೆ. ಅದಕ್ಕೆ ಟರ್ಬೊ ಎನ್ನುತ್ತಾರೆ. ಎಂಜಿನ್ನು ನಿಮಿಷಕ್ಕೆ ಸುಮಾರು ಎರಡು ಸಾವಿರ ಸುತ್ತು ಮುಟ್ಟುವ ತನಕ ಟರ್ಬೊ ಅರೆನಿದ್ದೆಯಲ್ಲಿರುತ್ತದೆ. ಆದ್ದರಿಂದ ಹೆದ್ದಾರಿಯಲ್ಲಿ ಲಾರಿಯನ್ನು ಹಿಂದೆ ಹಾಕುವಾಗ ಹುಲಿಯಂತಿರುವ ಕಾರು, ಸಂತೆಯ ನಡುವೆ ಜಡವಾಗಿ ತೋರುತ್ತದೆ. ನಿಮ್ಮ ತಿರುಗಾಟ ಯಾವ ರಸ್ತೆಯಲ್ಲಿ ಹೆಚ್ಚು ಎಂಬುದನ್ನು ನೋಡಿ ಈ ಗುಣಕ್ಕೆ ಬೆಲೆ ಕೊಡಿ.

ಕಾರನ್ನು ನೋಡಲು ಹೋಗುವಾಗ ಬೆಳಿಗ್ಗೆಯೇ ಹೋಗಿ. ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ. ಅದು ಬೆಚ್ಚಗಿದ್ದರೆ ನೀವು ಬರುವ ಮೊದಲೇ ಎಂಜಿನ್ನನ್ನು ಓಡಿಸಿದ್ದಾರೆಂದು ಅರ್ಥ. ತಣ್ಣಗಿರುವ ಎಂಜಿನ್ನು ಮಾತ್ರ ತನ್ನ ರೋಗವನ್ನು ಮುಚ್ಚಿಡಲಾರದು. ಹೊಗೆಯನ್ನು ಗಮನಿಸಿ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ತಂಪುನೀರು ಒಳಗೆ ಸೋರುತ್ತಿರಬಹುದು. ದಟ್ಟವಾದ ಕಪ್ಪು ಹೊಗೆಯೆಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಮೀಟರಿನ ಅಂಕಿಯನ್ನೊಂದೇ ನಂಬಬೇಡಿ. ನಲವತ್ತು ಸಾವಿರ ಕಿಲೋಮೀಟರು ಎನ್ನುವ ಕಾರಿನಲ್ಲಿ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ, ಅಂಕಿಗಿಂತ ರಬ್ಬರಿನ ಮಾತು ನಿಜ. ಆಮೇಲೆ ಮನೆಯವರನ್ನೆಲ್ಲ ಕೂರಿಸಿಕೊಂಡು ಕೆಟ್ಟ ರಸ್ತೆಯಲ್ಲಿ ನಾಲ್ಕಾರು ಮೈಲಿ ಓಡಿಸಿ. ಉಬ್ಬು ದಾಟುವಾಗ ತಳ ತಗಲುತ್ತದೆಯೇ, ಚಕ್ರದ ಬಳಿ ಸದ್ದು ಬರುತ್ತದೆಯೇ ಎಂದು ಕಿವಿಗೊಡಿ. ರೇಡಿಯೋ ಪತ್ರಿಕೆಯಲ್ಲಿ ಹೀಗೆ ಬರೆಯುವುದು ತಪ್ಪೇನೋ. ಆದರೂ ಆ ಅರ್ಧ ಗಂಟೆ ಕಾರಿನ ರೇಡಿಯೋವನ್ನು ನಿಲ್ಲಿಸಿಬಿಡಿ.

ಇಷ್ಟೆಲ್ಲ ಪರೀಕ್ಷೆಯಲ್ಲಿ ಕಾರು ಗೆದ್ದಿತು ಎನ್ನೋಣ. ಆದರೂ ಒಂದು ಸಂಗತಿ ಉಳಿಯುತ್ತದೆ. ಅದು ಕಾರಿನೊಳಗಿಲ್ಲ, ಹೊರಗಿದೆ.

ಅಮೆರಿಕದ ಕಂಪನಿಗಳು ನಮ್ಮ ದೇಶಕ್ಕೆ ಬಂದುಹೋದದ್ದು ಒಂದು ಸಲವಲ್ಲ. ಫೋರ್ಡ್ 1926ರಲ್ಲಿ, ಷೆವರ್ಲೆಯ ಒಡೆಯರಾದ ಜನರಲ್ ಮೋಟಾರ್ಸ್‌ನವರು 1928ರಲ್ಲಿ ಇಲ್ಲಿ ನೆಲೆಯೂರಿದರು. 1954ರ ಹೊತ್ತಿಗೆ ಇಬ್ಬರೂ ಬಾಗಿಲು ಮುಚ್ಚಿದರು. ಆ ನಡುವೆ, 1935ರಲ್ಲಿ ವಿದೇಶದ ಕಾರ್ಖಾನೆಗಳನ್ನು ಸುತ್ತಿಬಂದ ಸರ್ ಎಂ. ವಿಶ್ವೇಶ್ವರಯ್ಯನವರು ನಮ್ಮಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು ಯೋಜನೆ ಹಾಕಿದ್ದರು. ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಕಂಪನಿಯನ್ನು ಕಟ್ಟಿ, ಮುಂಬಯಿಯ ಕುರ್ಲಾದಲ್ಲಿ ಡಾಜ್, ಪ್ಲಿಮತ್ ಕಾರುಗಳನ್ನು ಜೋಡಿಸಿದರು. ಆ ಕಾಲದ ಪ್ಲಿಮತ್ತಿನ ಎಂಜಿನ್ನು ಮೂರೂವರೆ ಲೀಟರಿನಷ್ಟು ದೊಡ್ಡದಾದರೂ ನೂರು ಅಶ್ವಶಕ್ತಿಯನ್ನು ಮುಟ್ಟುತ್ತಿರಲಿಲ್ಲ. ಆದರೆ ಅದು ಸರಳವಾಗಿತ್ತು. ಜಾಣ ಮಿಸ್ತ್ರಿಯೊಬ್ಬ ಪಾನ, ಸುತ್ತಿಗೆಗಳಿಂದಲೇ ಬಹುಪಾಲು ರಿಪೇರಿ ಮಾಡುತ್ತಿದ್ದ. ಕ್ರೂಜ್ ಎರಡೇ ಲೀಟರಿನಲ್ಲಿ ಒಂದೂವರೆಪಟ್ಟು ಶಕ್ತಿ ಕೊಡುತ್ತದೆ. ಪ್ರತಿಯಾಗಿ ಕಂಪ್ಯೂಟರಿನಿಂದ ನಾಡಿ ನೋಡುವ ಮಿಸ್ತ್ರಿಯನ್ನು ಕೇಳುತ್ತದೆ. ಎರಡನೆಯ ಸಲ ಬಂದ ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. 2021ರಲ್ಲಿ ಫೋರ್ಡ್ ಕೂಡ ಇಲ್ಲಿ ಕಾರು ತಯಾರಿಸುವುದನ್ನು ಕೈಬಿಡುವುದಾಗಿ ಸಾರಿತು. ಕಂಪನಿ ಹೋದ ಮೇಲೂ ಕಾರು ಓಡಬೇಕಾದ್ದು ನಿಮ್ಮ ಅಂಗಳದಿಂದಲೇ.

ಆದ್ದರಿಂದ ಮುಂಗಡ ಕೊಡುವ ಮೊದಲು ಐದು ಸಾಮಾನುಗಳ ಬೆಲೆ ವಿಚಾರಿಸಿ: ಕ್ಲಚ್ಚು, ಟರ್ಬೊ, ಡೀಸೆಲ್ ಇಂಜೆಕ್ಟರು, ಮುಂದಿನ ದೀಪ, ಮುಂದಿನ ಗಾಜು. ಬೆಲೆ ಎಷ್ಟು ಎಂಬುದರ ಜೊತೆಗೆ, ಎಷ್ಟು ದಿನಕ್ಕೆ ಬರುತ್ತದೆ ಎಂದೂ ಕೇಳಿ.

ಈಗ ಒಂದು ಲೆಕ್ಕ. ಅಂಕಿಗಳು ಮಾದರಿಗಾಗಿ ಮಾತ್ರ. ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ. ನಾಲ್ಕು ವರ್ಷ, ವರ್ಷಕ್ಕೆ 10,000 ಕಿಲೋಮೀಟರು. ಮೂರು ಲಕ್ಷದ ದೊಡ್ಡ ಕಾರು ಕೊನೆಗೆ 1,80,000ಕ್ಕೆ ಹೋದರೆ, ಕಿಲೋಮೀಟರಿಗೆ 3 ರೂಪಾಯಿ ಸವೆತ. ಲೀಟರಿಗೆ 90 ರೂಪಾಯಿಯಂತೆ, 14 ಕಿಲೋಮೀಟರು ಓಡಿದರೆ ಡೀಸೆಲ್ಲಿಗೆ 6.40. ರಿಪೇರಿಗೆ ವರ್ಷಕ್ಕೆ 30,000 ಎಂದರೆ 3 ರೂಪಾಯಿ. ವಿಮೆ, ಟೈರುಗಳಿಗೆ 1.80. ಒಟ್ಟು 14.20. ಸಣ್ಣ ಕಾರಿಗೆ ಇದೇ ಬಗೆಯಲ್ಲಿ ಸವೆತ 2.50, ಪೆಟ್ರೋಲು 5.60, ರಿಪೇರಿ 1.20, ಉಳಿದದ್ದು 1.20, ಒಟ್ಟು 10.50. ವರ್ಷಕ್ಕೆ 37,000 ರೂಪಾಯಿಯ ಅಂತರ!

ಕಾಣೆಯಾದ ಎಂಟು ಲಕ್ಷದ ಗುಟ್ಟು ಇದರಲ್ಲಿದೆ. ಅದರಲ್ಲಿ ಒಂದು ಪಾಲು ಕಾಲದ ಸವೆತ. ಇನ್ನೊಂದು ಪಾಲು, ನೀವು ಮುಂದೆ ತೆರಬೇಕಾದ ಹಣ ಮತ್ತು ಪಡಬೇಕಾದ ಕಾಯುವಿಕೆ. ಪೇಟೆ ಅದನ್ನು ಮೊದಲೇ ಕಳೆದು ಬೆಲೆ ಹೇಳಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮುಂದೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಮೊದಮೊದಲಿನ ಕ್ರೂಜ್‌ಗಳಿಗೆ ಆ ಗಡುವು ಆಗಲೇ ಮುಗಿದಿದೆ.

ಹಾಗಾದರೆ ಈ ಕಾರು ಕೆಟ್ಟದ್ದೇ? ಎಂದಿಗೂ ಅಲ್ಲ. ಹೆದ್ದಾರಿಯಲ್ಲಿ ಹೆಚ್ಚು ಓಡಾಡುವವರು, ಬಲ್ಲ ಮಿಸ್ತ್ರಿಯ ಪರಿಚಯವಿರುವವರು, ರಿಪೇರಿಗೆಂದು ಲಕ್ಷ ರೂಪಾಯಿ ಬೇರೆ ಇಟ್ಟುಕೊಂಡವರು ಇದನ್ನು ಕೊಂಡು ಸುಖಪಡಬಹುದು; ಅಷ್ಟು ಗಟ್ಟಿಯಾದ, ಅಷ್ಟು ಬಲವಾದ ಕಾರು ಆ ಬೆಲೆಗೆ ಸಿಕ್ಕುವುದು ಅಪರೂಪ. ಆದರೆ ಯಂಕಂಚಿಯ ಆ ಮನೆಯಲ್ಲಿ ಇರುವುದೇ ಮೂರು ಲಕ್ಷ. ಟರ್ಬೊ ಬರುವುದನ್ನು ಕಾಯುತ್ತ ಕಾರು ಇಪ್ಪತ್ತು ದಿನ ಗ್ಯಾರೇಜಿನಲ್ಲಿ ನಿಂತರೆ, ಆಸ್ಪತ್ರೆಯ ದಿನ ತಾಯಿ ಬಸ್ಸು ಹತ್ತಬೇಕಾದೀತು. ಅವರ ಮಟ್ಟಿಗೆ ಒಳ್ಳೆಯ ಕಾರೆಂದರೆ, ಆ ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಹೊರಡುವ ಕಾರು. ಅದು ಸಣ್ಣದಾದರೂ ಸರಿಯೇ.