ಹಳೇ ಹಸುವಿಗೆ ಎಷ್ಟು ಬೆಲೆ ಹೇಳಬೇಕು?

ಎರಡು ವರ್ಷದ ಹಿಂದೆ ನನ್ನ 2011ರ ಆಲ್ಟೊ ಕಾರು ಮಾರಲು ಹೊರಟೆ. ಪಕ್ಕದ ಮನೆಯವರ ಅಂದಾಜು ನಂಬಿ 1,80,000 ರೂಪಾಯಿ ಎಂದೆ. ಒಂದು ತಿಂಗಳು ಬಂದವರೆಲ್ಲ ಬಾನೆಟ್ ಎತ್ತಿ ನೋಡಿ ಹೋದರು. ಕೊನೆಗೆ ಪರಿಚಯದ ಮೆಕ್ಯಾನಿಕ್ ಲೆಕ್ಕ ಬಿಡಿಸಿದ: ಕ್ಲಚ್ ಸವೆದಿದೆ, ಎರಡು ಟೈರ್ ಹಾಕಿಸಬೇಕು, ಆರ್‌ಸಿಯ 15 ವರ್ಷ ಮುಗಿಯುತ್ತಾ ಬಂತು. "ಇದನ್ನೆಲ್ಲ ನೀವೇ ಕಳೆದು ಬೆಲೆ ಹೇಳಿ ಡಾಕ್ಟ್ರೇ. ಕೊಳ್ಳೋನು ಕಳೆಯೋಕೆ ಶುರು ಮಾಡಿದ್ರೆ ಎರಡರಷ್ಟು ಕಳೀತಾನೆ." 1,25,000 ಎಂದು ಹೇಳಿ ಸರ್ವಿಸ್ ಬಿಲ್ಲುಗಳನ್ನು ಮುಂದಿಟ್ಟೆ. ಮೊದಲು ಬಂದವರೇ 1,20,000ಕ್ಕೆ ಒಯ್ದರು.

ಇದು ನೆನಪಾದದ್ದು ಹೋದ ತಿಂಗಳು, ನಮ್ಮ ಸಂಘವೊಂದರ ಸದಸ್ಯೆಯ ಕೊಟ್ಟಿಗೆಯಲ್ಲಿ. ಮಗಳ ಕಾಲೇಜು ಶುಲ್ಕಕ್ಕೆ 40,000 ಬೇಕಿತ್ತು. ಹಸು ಎಚ್.ಎಫ್. ಮಿಶ್ರತಳಿ, ಐದನೇ ಸೂಲು, ಐದು ತಿಂಗಳ ಗಬ್ಬ. ಹಿಂದೆ ಕೆಚ್ಚಲು ಬಾವು ಬಂದು ಒಂದು ಮೊಲೆ ಬತ್ತಿದೆ. ದಲ್ಲಾಳಿ ಬಾಯಿ ಬಿಡಿಸಿ ಹಲ್ಲು ನೋಡಿ, "ಮುದಿ ಹಸು, ಮೂರೇ ಮೊಲೆ" ಎಂದು 30,000ಕ್ಕೆ ಕೇಳಿದ್ದ. ಮನೆಯ ಯಜಮಾನರು ಒಪ್ಪುವುದರಲ್ಲಿದ್ದರು. ಹಸುವಿನ ವಿಷಯ ಪೂರ್ತಿ ಗೊತ್ತಿದ್ದ ಅಕ್ಕ ಬಾಗಿಲ ಬಳಿ ಸುಮ್ಮನೆ ನಿಂತಿದ್ದರು. ಹಾಲು ಕರೆಯುವವರು ಒಬ್ಬರು, ಬೆಲೆ ಕಟ್ಟುವವರು ಇನ್ನೊಬ್ಬರು. ಇದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಹಲ್ಲಿನ ಮಾತು ಅರ್ಧ ಮಾತ್ರ ನಿಜ. ಸುಮಾರು ನಾಲ್ಕೂವರೆ, ಐದು ವರ್ಷಕ್ಕೆ ಹಸು ಬಾಯಿಗೂಡುತ್ತದೆ. ಆಮೇಲೆ ಸವೆತ ನೋಡಿ ವಯಸ್ಸು ಹೇಳುವುದು ಅಂದಾಜು. ಎಷ್ಟನೇ ಸೂಲು, ಯಾವಾಗ ಕೃತಕ ಗರ್ಭಧಾರಣೆ ಆಯಿತು ಎಂಬ ದಾಖಲೆ ಅದಕ್ಕಿಂತ ಗಟ್ಟಿ. ಅಕ್ಕನಿಂದ ಸಂಘದ ಪಾಸ್ ಪುಸ್ತಕ ತರಿಸಿದೆ. ಅವರ ಮನೆಯಲ್ಲಿ ಕರೆಯುವ ಹಸು ಅದೊಂದೇ. ಕರು ಹಾಕಿದ ಎರಡನೇ ತಿಂಗಳಲ್ಲಿ ದಿನಕ್ಕೆ 14 ಲೀಟರ್, ಈಗ 7 ಲೀಟರ್. ನನ್ನ ಕಾರಿಗೆ ಸರ್ವಿಸ್ ಬಿಲ್ಲು ಇದ್ದಂತೆ ಈ ಹಸುವಿಗೆ ಆ ಪುಸ್ತಕ. (ಎರಡು ಹಸು ಕರೆಯುವವರು ಮಾರುವ ಮೊದಲು ಒಂದು ವಾರ ಬೇರೆ ಬೇರೆ ಅಳೆದು ಬರೆದಿಡಿ.)

ಅದೇ ಊರಿನಲ್ಲಿ ಇತ್ತೀಚೆಗೆ 14 ಲೀಟರಿನ, ಆಗಷ್ಟೇ ಕರು ಹಾಕಿದ ಎರಡನೇ ಸೂಲಿನ ಹಸು 70,000ಕ್ಕೆ ಹೋಗಿತ್ತು. ಅದು ಹೇಳಿದ ಬೆಲೆಯಲ್ಲ, ಎಣಿಸಿ ಕೊಟ್ಟ ಹಣ. ಲೆಕ್ಕ ಅಲ್ಲಿಂದ ಹಿಡಿದೆವು. ಮಿಶ್ರತಳಿ ಹಸುಗಳ ಹಾಲು ಸಾಮಾನ್ಯವಾಗಿ ಮೂರು, ನಾಲ್ಕನೇ ಸೂಲಿನವರೆಗೆ ಏರಿ ಆಮೇಲೆ ಮೆಲ್ಲಗೆ ಇಳಿಯುತ್ತದೆ. ವಯಸ್ಸಿಗೆ 14,000 ಕಳೆದೆವು. ಬತ್ತಿದ ಮೊಲೆಗೆ 6,000. ಎರಡು ತಿಂಗಳಲ್ಲಿ ಹಾಲು ಬಿಡಿಸಬೇಕು, ಕರು ಹಾಕುವವರೆಗಿನ ಮೇವು, ಹಿಂಡಿ ಕೊಳ್ಳುವವರ ತಲೆಗೆ. ಅದಕ್ಕೆ 4,000. ಉಳಿದದ್ದು 46,000. ಚೌಕಾಸಿಗೆ 2,000 ಸೇರಿಸಿ 48,000 ಎಂದು ಅಕ್ಕನೇ ಹೇಳಿದರು. ಮೊಲೆಯ ವಿಷಯವನ್ನೂ ಮೊದಲೇ ಹೇಳಿದರು. ಪಕ್ಕದೂರಿನವರು ಎರಡು ಹೊತ್ತು ಹಾಲು ಕರೆದು ನೋಡಿ 45,000ಕ್ಕೆ ಕೊಂಡರು. 40,000 ಬೇಕೆಂಬ ಮಾತನ್ನು ಮಾತ್ರ ಯಾರೂ ಬಾಯಿಬಿಡಲಿಲ್ಲ. ನಮ್ಮ ಅವಸರ ಗೊತ್ತಾದರೆ ಬೆಲೆ ಅಲ್ಲಿಗೇ ನಿಲ್ಲುತ್ತದೆ.

ಈ ಅಂಕಿಗಳು ಆ ಹಸುವಿಗೆ, ಆ ಊರಿಗೆ. ನಿಮ್ಮೂರಲ್ಲಿ ಈಚೆಗೆ ಕೊಂಡವರನ್ನು ಕೇಳಿ ನಿಮ್ಮ ಲೆಕ್ಕ ಶುರು ಮಾಡಿ. ಕೆಚ್ಚಲು ದೊಡ್ಡದಾಗಿ ಕಾಣಲೆಂದು ಬೆಳಗಿನ ಹಾಲು ಕರೆಯದೆ ಬಿಡಬೇಡಿ. ಹಸುವಿಗೆ ನೋವು, ಕೆಚ್ಚಲು ಬಾವಿಗೆ ದಾರಿ, ಅನುಭವಸ್ಥರು ಅದಕ್ಕೆ ಮೋಸಹೋಗುವುದೂ ಇಲ್ಲ. ವಿಮೆ ಇದ್ದರೆ ಕಿವಿ ಓಲೆಯ 12 ಅಂಕಿಯ ಸಂಖ್ಯೆಯೊಂದಿಗೆ ಮಾರಾಟದ ವಿಷಯ ತಿಳಿಸಿ. ಗಬ್ಬ ಎಂದು ಹೇಳಿ ಮಾರುವುದಾದರೆ ಮೊದಲು ಪಶುವೈದ್ಯರಿಂದ ಕೈ ಹಾಕಿಸಿ ಖಚಿತ ಮಾಡಿಕೊಳ್ಳಿ. ಸಂಘದಲ್ಲಿ ಎರಡು ದಿನ ಮೊದಲು ಹೆಸರು ಬರೆಸಿದರೆ ಸಾಕು, ಬರುತ್ತೇವೆ.