ಕಣ್ಣೀರು ಬತ್ತಿದ ಕಣ್ಣಿಗೆ ಹೊಸ ಔಷಧಿ ಬಂದಿದೆಯೇ?

ಕಳೆದ ಬೇಸಿಗೆಯಲ್ಲಿ ಮಸ್ಕಿಯಿಂದ ನಿವೃತ್ತ ಶಿಕ್ಷಕರೊಬ್ಬರು ಸಿಂಧನೂರಿನ ನನ್ನ ದವಾಖಾನೆಗೆ ಬಂದರು. ಜೊತೆಗೆ ಕಾಲೇಜು ಓದುವ ಮೊಮ್ಮಗ. ಮಾಸ್ತರರಿಗೆ ಆರು ವರ್ಷದಿಂದ ಕಣ್ಣುರಿ. ಬೆಳಿಗ್ಗೆ ರೆಪ್ಪೆ ಬಿಡಿಸಲು ಕಷ್ಟ, ಮಧ್ಯಾಹ್ನ ಉಸುಕು ಎರಚಿದ ಹಾಗೆ, ಸಂಜೆ ಪತ್ರಿಕೆಯ ಅಕ್ಷರಗಳೆಲ್ಲ ಮಸುಕು. ಲಿಂಗಸುಗೂರು, ರಾಯಚೂರು, ಹೈದರಾಬಾದು ಎಲ್ಲ ಆಗಿದೆ.

"ಡಾಕ್ಟ್ರ, ಅಮೆರಿಕಾದಾಗ ಮೂಗಿಗೆ ಹೊಡಕೊಂಡ್ರ ಕಣ್ಣಾಗ ನೀರು ಬರೋ ಔಷಧ ಬಂದೈತಂತ್ರಿ. ಇವನ ಮೊಬೈಲಿನ್ಯಾಗ ನೋಡೀನಿ. ಅದನ್ನ ಬರಕೊಡ್ರಿ, ಎಷ್ಟಾರ ಆಗಲಿ" ಎಂದರು.

ಸುದ್ದಿ ಸುಳ್ಳಲ್ಲ. ಧೂಮಪಾನ ಬಿಡಿಸಲು ಮಾತ್ರೆಯಾಗಿ ಬಳಸುತ್ತಿದ್ದ ವರೆನಿಕ್ಲಿನ್ ಎಂಬ ಔಷಧಿಯನ್ನು ಮೂಗಿಗೆ ಸಿಂಪಡಿಸುವ ರೂಪದಲ್ಲಿ ಒಣಗಣ್ಣಿಗೆ ಬಳಸಲು ಅಮೆರಿಕಾದ ಔಷಧ ನಿಯಂತ್ರಣ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮೂಗಿನೊಳಗಿನ ನರಕ್ಕೂ ಕಣ್ಣೀರಿನ ಗ್ರಂಥಿಗೂ ಸಂಬಂಧವಿದೆ. ಒಗ್ಗರಣೆಯ ಘಾಟು ಮೂಗಿಗೆ ಹೊಡೆದರೆ ಕಣ್ಣಲ್ಲಿ ನೀರು ಬರುವುದಿಲ್ಲವೇ, ಹಾಗೆ. ಇಂಥ ಸುದ್ದಿ ಹಿಡಿದು ಬರುವವರನ್ನು ನಾವು ವೈದ್ಯರು ನಕ್ಕು ಕಳಿಸಿಬಿಡುವುದುಂಟು. ಅದು ಸರಿಯಲ್ಲ. ಆರು ವರ್ಷ ಕಣ್ಣುರಿಯಲ್ಲಿ ಬದುಕಿದವರು ಹೊಸದನ್ನು ಬಯಸುವುದರಲ್ಲಿ ತಪ್ಪೇನಿದೆ?

ಆದರೆ ನಾನು ಮೊದಲು ಕೇಳಿದ್ದು, "ಇದುವರೆಗೆ ಹಾಕಿದ ಹನಿ ತಂದೀರೇನ್ರಿ ಸರ್?" ಮೊಮ್ಮಗ ಕೈಚೀಲ ತೆಗೆದು ಮೇಜಿನ ಮೇಲೆ ಸುರಿದ. ಹನ್ನೊಂದು ಬಾಟಲಿ. ಒಂದೂ ಪೂರ್ತಿ ಖಾಲಿಯಾಗಿರಲಿಲ್ಲ.

ಕಣ್ಣೀರು ಬರೀ ನೀರಲ್ಲ

ಕಣ್ಣಿನ ಮೇಲೆ ಸದಾ ಕಣ್ಣೀರಿನ ತೆಳುಪೊರೆಯೊಂದು ಇರುತ್ತದೆ. ಕಣ್ಣಿಗೆ ಅಂಟಿಕೊಂಡಂತೆ ಲೋಳೆ, ಅದರ ಮೇಲೆ ನೀರು, ಎಲ್ಲಕ್ಕೂ ಮೇಲೆ ತೆಳುವಾದ ಎಣ್ಣೆ. ಈ ಎಣ್ಣೆಯನ್ನು ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಸಣ್ಣ ಗ್ರಂಥಿಗಳು ಒಸರಿಸುತ್ತವೆ.

ನಮ್ಮ ರೈತರಿಗೆ ಇದನ್ನು ಗದ್ದೆಯ ಲೆಕ್ಕದಲ್ಲಿ ಹೇಳುತ್ತೇನೆ. ಎಡದಂಡೆ ಕಾಲುವೆಯ ನೀರು ಕೊನೆಯ ಭಾಗಕ್ಕೆ ಬಾರದಿದ್ದರೂ ಗದ್ದೆ ಒಣಗುತ್ತದೆ, ಬಂದ ನೀರು ಬಿಸಿಲಿಗೆ ಬೇಗ ಆರಿಹೋದರೂ ಒಣಗುತ್ತದೆ. ಕಣ್ಣಿನಲ್ಲಿಯೂ ಎರಡು ಬಗೆ. ನೀರೇ ಕಡಿಮೆ ಬರುವುದು ಒಂದು. ಎಣ್ಣೆ ಸಾಲದೆ ನೀರು ಬೇಗ ಆವಿಯಾಗುವುದು ಇನ್ನೊಂದು. ಎರಡನೆಯದೇ ಹೆಚ್ಚು, ಬಹಳ ಜನರಲ್ಲಿ ಎರಡೂ ಬೆರೆತಿರುತ್ತವೆ. ಕೆಲವರಿಗೆ ಒಣಗಣ್ಣು ಇದ್ದರೂ ಗಾಳಿಗೆ ಹೋದೊಡನೆ ನೀರು ಸೋರುತ್ತದೆ. ಪೊರೆ ಹರಿದು ಉರಿಯಾದಾಗ ಗ್ರಂಥಿ ಗಾಬರಿಯಿಂದ ಸುರಿಸುವ ನೀರು ಅದು, ನಿಲ್ಲುವ ನೀರಲ್ಲ.

ಯಾವ ಬಗೆ ಎಂದು ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷದಲ್ಲಿ ಎಷ್ಟು ನೆನೆಯಿತೆಂದು ನೋಡುತ್ತಾರೆ. ಹತ್ತು ಮಿಲಿಮೀಟರ್‌ಗಿಂತ ಹೆಚ್ಚಾದರೆ ಸಾಮಾನ್ಯವಾಗಿ ಚಿಂತೆಯಿಲ್ಲ, ಐದಕ್ಕಿಂತ ಕಡಿಮೆಯಾದರೆ ನೀರಿನ ಕೊರತೆ. ಕಣ್ಣೀರಿನ ಪೊರೆ ಎಷ್ಟು ಸೆಕೆಂಡಿಗೆ ಒಡೆಯುತ್ತದೆಂದು ಬಣ್ಣ ಹಾಕಿಯೂ ನೋಡಬಹುದು. ಇವು ನೇತ್ರತಜ್ಞರು ಮಾಡಬೇಕಾದ ಪರೀಕ್ಷೆಗಳು. ಮಾಸ್ತರರಿಗೆ ಆರು ವರ್ಷದಲ್ಲಿ ಹನಿ ಬದಲಾಗಿತ್ತೇ ಹೊರತು ಕಾಗದದ ಪರೀಕ್ಷೆ ಒಮ್ಮೆಯೂ ಆಗಿರಲಿಲ್ಲ.

ಹೊಸ ಔಷಧಿಗಳು ಎಲ್ಲಿಗೆ ಬಂದಿವೆ?

ಮೂಗಿನ ಸಿಂಪಡಣೆಯ ಹೊರತಾಗಿಯೂ ಹಲವು ಬಂದಿವೆ. ಉರಿಯೂತ ತಗ್ಗಿಸುವ ಲಿಫಿಟೆಗ್ರಾಸ್ಟ್ ಹನಿಗೆ ಅಮೆರಿಕಾದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಕಣ್ಣೀರು ಆವಿಯಾಗದಂತೆ ಮೇಲೆ ಮುಚ್ಚಳದ ಹಾಗೆ ಕೂರುವ, ನೀರೇ ಇಲ್ಲದ ಹನಿಯೊಂದಕ್ಕೆ 2023ರಲ್ಲಿ. ಕಣ್ಣಿನ ಮೇಲಿನ ತಂಪು ಗುರುತಿಸುವ ನರವನ್ನು ತಟ್ಟಿ ಕಣ್ಣೀರು ಬರಿಸುವ ಅಕೋಲ್ಟ್ರೆಮಾನ್ ಹನಿಗೆ 2025ರ ಮೇ ತಿಂಗಳಲ್ಲಿ. ಮೂವತ್ತು ವರ್ಷದ ಹಿಂದೆ ಕೃತಕ ಕಣ್ಣೀರು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆದ್ದರಿಂದ ಭರವಸೆಗೆ ಆಧಾರವಿದೆ.

ಆದರೆ 'ಒಪ್ಪಿಗೆ ಸಿಕ್ಕಿತು' ಎಂದರೆ 'ಗುಣವಾಗುತ್ತದೆ' ಎಂದಲ್ಲ. ಆ ಮೂಗಿನ ಔಷಧಿಯ ದೊಡ್ಡ ಪರೀಕ್ಷೆಯಲ್ಲಿ ನಾಲ್ಕು ವಾರದ ನಂತರ ಸುಮಾರು ಅರ್ಧದಷ್ಟು ಜನರಿಗೆ ಕಣ್ಣೀರು ಚೆನ್ನಾಗಿ ಹೆಚ್ಚಿತು. ಔಷಧಿಯೇ ಇಲ್ಲದ ಸಿಂಪಡಣೆ ಪಡೆದವರಲ್ಲಿಯೂ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಹಾಗೇ ಆಯಿತು! ಜೊತೆಗೆ ಬಳಸಿದವರಲ್ಲಿ ಬಹುಪಾಲು ಜನರಿಗೆ ಸೀನು. ಇದನ್ನು ಹೇಳಿದಾಗ ಮಾಸ್ತರರು ಮೊಮ್ಮಗನ ಕಡೆ ನೋಡಿದರು. ಮೊಬೈಲಿನ ಸುದ್ದಿಯಲ್ಲಿ ಸೀನಿನ ಮಾತು ಇರಲಿಲ್ಲವಂತೆ.

ಮೀನೆಣ್ಣೆಯ ಗುಳಿಗೆಯ ಕತೆಯೂ ಅಷ್ಟೆ. ಒಣಗಣ್ಣಿಗೆ ಅದು ಬಹಳ ಒಳ್ಳೆಯದೆಂದು ವರ್ಷಗಟ್ಟಲೆ ನಂಬಲಾಗಿತ್ತು. 2018ರಲ್ಲಿ ಪ್ರಕಟವಾದ ಅಮೆರಿಕಾದ ಅಧ್ಯಯನದಲ್ಲಿ 535 ರೋಗಿಗಳನ್ನು ವಿಂಗಡಿಸಿ, ಕೆಲವರಿಗೆ ಮೀನೆಣ್ಣೆ, ಉಳಿದವರಿಗೆ ಆಲಿವ್ ಎಣ್ಣೆಯ ಗುಳಿಗೆಗಳನ್ನು ಒಂದು ವರ್ಷ ಕೊಟ್ಟರು. ಎರಡೂ ಗುಂಪಿನವರು ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಸುಧಾರಿಸಿದರು. ಒಣಗಣ್ಣು ಋತುಮಾನಕ್ಕೆ ತಕ್ಕಂತೆ ಏರಿಳಿಯುವ ರೋಗ. ಉರಿ ತುದಿಗೇರಿದಾಗ ನಾವು ಹೊಸ ಔಷಧಿ ಹಿಡಿಯುತ್ತೇವೆ. ಮಳೆ ಬಿದ್ದು ಹವೆ ತಂಪಾದಾಗ ಉರಿ ತಾನಾಗಿ ಇಳಿದರೂ ಕೀರ್ತಿ ಔಷಧಿಗೆ ಹೋಗುತ್ತದೆ.

ತಾಳ್ಮೆ ಬೇಡುವ ಹನಿ

ಮೇಜಿನ ಮೇಲಿನ ಹನ್ನೊಂದು ಬಾಟಲಿಗಳಲ್ಲಿ ಮೂರು ಸೈಕ್ಲೋಸ್ಪೋರಿನ್. ಮೂವರು ವೈದ್ಯರು ಬೇರೆ ಬೇರೆ ಹೆಸರಿನಲ್ಲಿ ಬರೆದದ್ದು ಒಂದೇ ಔಷಧಿಯನ್ನು. ಮೂತ್ರಪಿಂಡ ಕಸಿಯಾದವರಿಗೆ ಕೊಡುವ ಈ ಔಷಧಿಯನ್ನು ಕಣ್ಣಿನ ಹನಿಯಾಗಿ ಬಳಸಲು ಅಮೆರಿಕಾ 2002ರಲ್ಲಿಯೇ ಒಪ್ಪಿತು. ನಮ್ಮ ದೇಶದಲ್ಲಿಯೂ ಸಿಗುತ್ತದೆ. ಕಣ್ಣೀರಿನ ಗ್ರಂಥಿಯ ಉರಿಯೂತವನ್ನು ನಿಧಾನವಾಗಿ ಇಳಿಸಿ, ಸ್ವಂತ ಕಣ್ಣೀರು ಬರುವಂತೆ ಮಾಡುವುದು ಅದರ ಕೆಲಸ. ಆದರೆ ಗುಣ ಕಾಣಲು ಮೂರರಿಂದ ಆರು ತಿಂಗಳು ಬೇಕು. ಮೇಲಾಗಿ ಹಾಕಿದೊಡನೆ ಉರಿಯುತ್ತದೆ. ಇದನ್ನು ಯಾರೂ ಮೊದಲೇ ಹೇಳದಿದ್ದರೆ ಹದಿನೈದನೇ ದಿನಕ್ಕೆ ಬಾಟಲಿ ಮೂಲೆ ಸೇರುತ್ತದೆ. ಮಾಸ್ತರರು ಮೂರು ಸಲವೂ ಮಾಡಿದ್ದು ಅದನ್ನೇ. ಅವರಿಗೆ ಬೇಕಾದ 'ಹೊಸ' ಔಷಧಿ ಆರು ವರ್ಷದಿಂದ ಮನೆಯಲ್ಲೇ ಇತ್ತು.

ಇಲ್ಲಿ ಇನ್ನೊಂದು ಮಾತು. ಈ ಹನಿಯ ಮೊದಲ ತಯಾರಿಕೆಯಲ್ಲಿ ಔಷಧಿಯನ್ನು ಬೆರೆಸಿದ್ದು ಔಡಲೆಣ್ಣೆಯಲ್ಲಿ. ನಮ್ಮ ಅಜ್ಜಿಯರು ಕಣ್ಣಿಗೆ ಔಡಲೆಣ್ಣೆ ಬಿಡುತ್ತಿದ್ದರಲ್ಲ ಎಂದು ಯಾರಾದರೂ ಕೇಳಿಯಾರು. ಕಾರ್ಖಾನೆಯದು ಸೋಂಕು ಕಳೆದು ಶುದ್ಧ ಮಾಡಿದ್ದು, ಗಾಣದ ಎಣ್ಣೆ ಹಾಗಲ್ಲ. ದಯವಿಟ್ಟು ಹಾಕಬೇಡಿ.

ಮೊದಲ ದಿನವೇ ಹಿತ ಕೊಡುವ ಬಾಟಲಿ

ನನಗೆ ನಿಜವಾದ ಭಯ ಇರುವುದು ಇದರ ಬಗ್ಗೆ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವವರೊಬ್ಬರು ಧೂಳಿನಿಂದ ಕಣ್ಣುರಿ ಎಂದು ಅಂಗಡಿಯಲ್ಲಿ ಕೇಳಿ ಹನಿ ತಂದರು. ಎರಡೇ ದಿನದಲ್ಲಿ ಕೆಂಪು ಹೋಯಿತು. ಎರಡು ವರ್ಷ ಅದನ್ನೇ ಹಾಕಿದರು. ಬದಿಯಿಂದ ಬರುವ ಗಾಡಿ ಕಾಣುವುದಿಲ್ಲ ಎಂದು ನನ್ನ ಬಳಿ ಬರುವ ಹೊತ್ತಿಗೆ ಕಣ್ಣಿನ ಒತ್ತಡ ಏರಿ, ಗ್ಲಾಕೋಮಾ ಆಗಿ ನರ ಸೊರಗಿತ್ತು. ಅದು ಸ್ಟೀರಾಯ್ಡ್ ಹನಿ. ಹೋದ ದೃಷ್ಟಿ ಮರಳಿ ಬರಲಿಲ್ಲ. ಒಣಗಣ್ಣಿಗೆ ಕೆಲವೊಮ್ಮೆ ನೇತ್ರತಜ್ಞರೂ ಸ್ಟೀರಾಯ್ಡ್ ಕೊಡುತ್ತಾರೆ, ಆದರೆ ಕೆಲವೇ ವಾರಕ್ಕೆ, ಒತ್ತಡ ಅಳೆಯುತ್ತ. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಭತ್ತದ ಎಲೆ, ಹೊಟ್ಟು ತಾಗಿದ ಕಣ್ಣಿಗೆ ಇದನ್ನು ಹಾಕಿದರಂತೂ ಶಿಲೀಂಧ್ರದ ಹುಣ್ಣು ಬೆಳೆದು ಕಣ್ಣೇ ಹೋಗಬಹುದು.

ನಾವು ವೈದ್ಯರೂ ತಪ್ಪುತ್ತೇವೆ. ಕಣ್ಣು ತುರಿಕೆ ಎಂದವರಿಗೆಲ್ಲ ನಾನು ಹಿಂದೆ ಅಲರ್ಜಿಯ ಸೆಟ್ರಿಜಿನ್ ಮಾತ್ರೆ ಬರೆಯುತ್ತಿದ್ದೆ. ಒಣಗಣ್ಣು ಇದ್ದವರಿಗೆ ಅದು ಇನ್ನಷ್ಟು ಒಣಗಿಸುತ್ತದೆ. ನಿದ್ರೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಹಾಗೆಯೇ.

ಮನೆಯಲ್ಲಿ ಏನು ಮಾಡಬಹುದು?

ಎಣ್ಣೆಯ ಕೊರತೆಯಿಂದಾದ ಒಣಗಣ್ಣಿಗೆ ಬೆಚ್ಚನೆಯ ಒದ್ದೆ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಐದು-ಹತ್ತು ನಿಮಿಷ ಇಟ್ಟು, ನಂತರ ರೆಪ್ಪೆಯ ಅಂಚನ್ನು ಮೆಲ್ಲಗೆ ತಿಕ್ಕುವುದು ಒಳ್ಳೆಯ ಚಿಕಿತ್ಸೆ. "ಈ ಬಿಸಿಲಾಗ ಮತ್ತ ಬಿಸಿ ಬಟ್ಟೆ ಯಾಕ್ರಿ?" ಎಂದು ನಗುವವರಿದ್ದಾರೆ. ಗಟ್ಟಿಯಾದ ತುಪ್ಪ ಕರಗಬೇಕಾದರೆ ಬೆಚ್ಚಗಾಗಲೇಬೇಕಲ್ಲ! ಫ್ಯಾನ್ ಮುಖಕ್ಕೆ ನೇರವಾಗಿ ಬೀಸದಿರಲಿ. ಬೈಕ್ ಮೇಲೆ, ರಾಶಿಯ ಕಣದಲ್ಲಿ ಕನ್ನಡಕವಿರಲಿ. ಮೊಬೈಲ್ ನೋಡುವಾಗ ರೆಪ್ಪೆ ಮಿಟುಕಿಸುವುದು ಬಹಳ ಕಡಿಮೆಯಾಗುತ್ತದೆ, ನೆನಪಿಟ್ಟು ಮಿಟುಕಿಸಿ.

ಕೃತಕ ಕಣ್ಣೀರನ್ನು ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಹಾಕಬೇಕಾದರೆ ಸಂರಕ್ಷಕ ರಾಸಾಯನಿಕ ಇಲ್ಲದ ಹನಿಯನ್ನು ಕೇಳಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ತಮಿಳುನಾಡಿನಲ್ಲಿ ತಯಾರಾಗಿ ಅಮೆರಿಕಾಕ್ಕೆ ಹೋಗಿದ್ದ ಕೃತಕ ಕಣ್ಣೀರಿನೊಂದಿಗೆ ತಳಕು ಹಾಕಿಕೊಂಡ ಸೋಂಕಿನಿಂದ 2022-23ರಲ್ಲಿ ಅಲ್ಲಿ 81 ಜನ ನರಳಿದರು. 14 ಮಂದಿ ದೃಷ್ಟಿ ಕಳೆದುಕೊಂಡರು, ನಾಲ್ವರು ತೀರಿಕೊಂಡರು. ಹನಿ ಎಂದು ಹಗುರ ಮಾಡುವಂತಿಲ್ಲ.

ಬಾಯಿಯೂ ಒಣಗುತ್ತಿದ್ದು, ಕೀಲು ನೋವಿದ್ದರೆ ಶೋಗ್ರೆನ್ ಎಂಬ ದೇಹವ್ಯಾಪಿ ರೋಗವಿರಬಹುದು, ಹೆಂಗಸರಲ್ಲಿ ಹೆಚ್ಚು. ರಕ್ತ ಪರೀಕ್ಷೆ ಬೇಕು. ಔಷಧಿಯ ವಿಷಮ ಪರಿಣಾಮದಿಂದ ಮೈಯೆಲ್ಲ ಸುಟ್ಟಂತಾಗಿ ಕಣ್ಣೂ ಒಣಗಿದವರಿಗೆ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ತುಟಿಯೊಳಗಿನ ಸಣ್ಣ ಜೊಲ್ಲುಗ್ರಂಥಿಗಳನ್ನು ಕಣ್ಣಿಗೆ ಕಸಿ ಮಾಡಿದ್ದಾರೆ. ಆದರೆ ಅದು ತೀವ್ರ ಸ್ಥಿತಿಯವರಿಗೆ ಮಾತ್ರ. ಕಣ್ಣು ನೋವು, ಬೆಳಕು ನೋಡಲಾಗದಿರುವುದು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಹಠಾತ್ ದೃಷ್ಟಿ ಮಸುಕು ಇವುಗಳಲ್ಲಿ ಒಂದಿದ್ದರೂ ಅದೇ ದಿನ ನೇತ್ರತಜ್ಞರ ಬಳಿ ಹೋಗಿ.

ಮಾಸ್ತರರನ್ನು ರಾಯಚೂರಿನ ನೇತ್ರತಜ್ಞರ ಬಳಿಗೆ ಕಳಿಸಿದೆ. ಪರೀಕ್ಷೆ ಮಾಡಿ ಅವರು ಬರೆದದ್ದು ಅದೇ ಸೈಕ್ಲೋಸ್ಪೋರಿನ್, ಈ ಬಾರಿ ಆರು ತಿಂಗಳಿಗೆ. ದೀಪಾವಳಿಯ ಹೊತ್ತಿಗೆ ಸಿಕ್ಕಾಗ ಮಧ್ಯಾಹ್ನದ ಉರಿ ಇನ್ನೂ ಇದೆ ಎಂದರು, ಆದರೆ ಪತ್ರಿಕೆಯನ್ನು ಕೊನೆಯ ಪುಟದವರೆಗೂ ಓದುತ್ತಾರೆ. ಮೂಗಿನ ಔಷಧಿಯ ಆಸೆ ಬಿಟ್ಟಿಲ್ಲ. ಬಿಡಬೇಕೆಂದು ನಾನೂ ಹೇಳಲಿಲ್ಲ.

ನೀವೂ ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಹನಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವುದನ್ನು ಎಷ್ಟು ದಿನ ಹಾಕಿದಿರಿ ಎಂದು ಚೀಟಿಯಲ್ಲಿ ಬರೆದಿದ್ದರೆ ಇನ್ನೂ ಒಳ್ಳೆಯದು.